ವಿಜ್ಞಾನದಿಂದ ಜಯಪತ್ರ: ವಿಶ್ವೋತ್ಪತ್ತಿಯ ಹೋಲಿಕೆಗಳ ಒಂದು ಪರಿಶೀಲನೆ

ಶಕ ವರ್ಷ 820ರಲ್ಲಿ, ಎಂದರೆ ಕ್ರಿ.ಶ. 898ರ ಸುಮಾರಿನಲ್ಲಿ, ಈಗಿನ ಶಿಗ್ಗಾಂವಿ ತಾಲೂಕಿಗೆ ಸೇರಿದ ಬಂಕಾಪುರದಲ್ಲಿ ಒಂದು ಗ್ರಂಥಕ್ಕೆ ಪೂಜೆ ಸಂದಿತು. ಭಗವಜ್ಜಿನಸೇನಾಚಾರ್ಯರು ಆರಂಭಿಸಿ, ನಲವತ್ತೆರಡು ಪರ್ವಗಳನ್ನು ಮುಗಿಸಿ, ನಲವತ್ಮೂರನೆಯ ಪರ್ವದ ಮೊದಲ ಕೆಲವು ಪದ್ಯಗಳಲ್ಲಿ ನಿಲ್ಲಿಸಿಹೋದ ಮಹಾಪುರಾಣವನ್ನು ಅವರ ಶಿಷ್ಯರಾದ ಗುಣಭದ್ರಾಚಾರ್ಯರು ಪೂರ್ಣಗೊಳಿಸಿದ್ದರು. ಗುಣಭದ್ರರ ಶಿಷ್ಯ ಲೋಕಸೇನರ ಪ್ರಶಸ್ತಿಯು ಈ ಪೂಜೆಯ ಕಾಲವನ್ನೂ ಸ್ಥಳವನ್ನೂ ಹೇಳುತ್ತದೆ. ಆಗ ರಾಷ್ಟ್ರಕೂಟ ಚಕ್ರವರ್ತಿ ಅಕಾಲವರ್ಷ ಎರಡನೆಯ ಕೃಷ್ಣನ ಅಧೀನದಲ್ಲಿ, ಬಂಕೆಯನ ಮಗ ಲೋಕಾದಿತ್ಯನು ವನವಾಸ ದೇಶವನ್ನು ಆಳುತ್ತಿದ್ದನು. ಊರಿಗೆ ಹೆಸರು ಬಂದದ್ದು ಆ ಬಂಕೆಯನಿಂದಲೇ. ಮುಂದೆ ಅಜಿತಸೇನ ಭಟ್ಟಾರಕರು ಇದ್ದುದೂ, ಗಂಗ ದೊರೆ ಮಾರಸಿಂಹನು ಸಲ್ಲೇಖನ ವ್ರತದಿಂದ ದೇಹವನ್ನು ತ್ಯಜಿಸಿದುದೂ ಇದೇ ಬಂಕಾಪುರದಲ್ಲಿ. ಇಂದು ಕೋಟೆಯೊಳಗಿನ ನಗರೇಶ್ವರ ದೇವಾಲಯವನ್ನೂ ನವಿಲುಗಳನ್ನೂ ನೋಡಲು ಬರುವವರು ಅನೇಕರು. ಮಹಾಪುರಾಣದ ನೆನಪಿನಿಂದ ಬರುವವರು ವಿರಳ.

ಆ ಗ್ರಂಥದ ನಾಲ್ಕನೆಯ ಪರ್ವದಲ್ಲಿ, ಲೋಕವನ್ನು ಒಬ್ಬ ಕರ್ತೃವು ಸೃಷ್ಟಿಸಿದನೆಂಬ ಮತವನ್ನು ಖಂಡಿಸುವ ಪದ್ಯಗಳಿವೆ. ಒಂದು ಸಾವಿರಕ್ಕೂ ಹೆಚ್ಚು ವರ್ಷಗಳ ತರುವಾಯ, 1980ರಲ್ಲಿ, ಅಮೆರಿಕದ ಖಗೋಳವಿಜ್ಞಾನಿ ಕಾರ್ಲ್ ಸೇಗನ್ ಅವರು ತಮ್ಮ ‘ಕಾಸ್ಮಾಸ್’ ಎಂಬ ಪುಸ್ತಕದ ಹತ್ತನೆಯ ಅಧ್ಯಾಯದ ತಲೆಯಲ್ಲಿ ಈ ಪದ್ಯಗಳಲ್ಲಿ ಕೆಲವನ್ನು ಇಂಗ್ಲಿಷ್ ಅನುವಾದದಲ್ಲಿ ಅಚ್ಚು ಹಾಕಿದರು. ಅದೇ ಹೆಸರಿನ ದೂರದರ್ಶನ ಮಾಲಿಕೆಯ ಹತ್ತನೆಯ ಕಂತಿನಲ್ಲಿ ಅವರು ತಮಿಳುನಾಡಿಗೆ ಬಂದು, ಪೊಂಗಲ್ ಹಬ್ಬವನ್ನು ತೋರಿಸಿ, ಹಿಂದೂ ಪುರಾಣಗಳಲ್ಲಿ ಬರುವ ಬ್ರಹ್ಮನ ಹಗಲು ರಾತ್ರಿಗಳ ದೀರ್ಘತೆಯನ್ನು ಕೊಂಡಾಡಿದರು. ಹೀಗೆ ಒಬ್ಬನೇ ಪಾಶ್ಚಾತ್ಯ ವಿದ್ವಾಂಸನಿಂದ ನಮ್ಮ ದೇಶದ ಎರಡು ಪರಂಪರೆಗಳಿಗೆ ಒಂದೇ ವರ್ಷದಲ್ಲಿ ಎರಡು ಪ್ರಶಂಸೆಗಳು ದೊರೆತವು. ಅಂದಿನಿಂದ ಇಂದಿನವರೆಗೆ ಸ್ಮರಣ ಸಂಚಿಕೆಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಪ್ರವಚನ ಮಂಟಪಗಳಲ್ಲಿ ಈ ಎರಡು ಪ್ರಶಂಸೆಗಳೂ ಚಲಾವಣೆಯ ನಾಣ್ಯಗಳಾಗಿವೆ. ಆಧುನಿಕ ವಿಜ್ಞಾನವು ಇಂದು ಕಂಡುದನ್ನು ನಮ್ಮವರು ಎಂದೋ ಕಂಡಿದ್ದರು ಎಂಬುದು ಉಭಯರ ಹೇಳಿಕೆ. ನಾಣ್ಯವನ್ನು ಕೈಗೆ ತೆಗೆದುಕೊಳ್ಳುವ ಮೊದಲು ನೆಲಕ್ಕೆ ಬಡಿದು ನೋಡುವುದು ಪೇಟೆಯ ಹಳೆಯ ರೂಢಿ. ಇಲ್ಲಿಯೂ ಅದನ್ನು ಅನುಸರಿಸಬೇಕಾಗಿದೆ.

ಮೊದಲು ಬ್ರಹ್ಮನ ದಿನ. ಕೃತ, ತ್ರೇತಾ, ದ್ವಾಪರ, ಕಲಿ ಎಂಬ ನಾಲ್ಕು ಯುಗಗಳು ಸೇರಿ 43 ಲಕ್ಷ 20 ಸಾವಿರ ವರ್ಷಗಳ ಒಂದು ಮಹಾಯುಗ. ಇಂಥ ಸಾವಿರ ಮಹಾಯುಗಗಳು ಬ್ರಹ್ಮನಿಗೆ ಒಂದು ಹಗಲು; ಅದೇ ಕಲ್ಪ, 432 ಕೋಟಿ ವರ್ಷ. ರಾತ್ರಿಯೂ ಅಷ್ಟೇ. ಭೂಮಿಯ ವಯಸ್ಸು 454 ಕೋಟಿ ವರ್ಷವೆಂದು ಇಂದಿನ ವಿಜ್ಞಾನ ಹೇಳುತ್ತದೆ. ಉಲ್ಕಾಶಿಲೆಗಳಲ್ಲಿರುವ ಸೀಸದ ಪ್ರಮಾಣದಿಂದ ಈ ಲೆಕ್ಕವನ್ನು ಕ್ಲೇರ್ ಪ್ಯಾಟರ್ಸನ್ 1956ರಲ್ಲಿ ಪ್ರಕಟಿಸಿದನು. 432 ಮತ್ತು 454, ಎರಡೂ ಎಷ್ಟು ಹತ್ತಿರ ಎಂಬ ಬೆರಗಿನಿಂದ ಹೋಲಿಕೆ ಆರಂಭವಾಗುತ್ತದೆ, ಸಾಮಾನ್ಯವಾಗಿ ಅಲ್ಲಿಯೇ ಮುಗಿಯುತ್ತದೆ.

ಆದರೆ ಪರಂಪರೆಯ ಲೆಕ್ಕವೇ ಬೇರೆ ಮಾತನ್ನು ಹೇಳುತ್ತದೆ. ವೈದಿಕರು ಪ್ರತಿದಿನ ಹೇಳುವ ಸಂಕಲ್ಪದಲ್ಲಿ ನಾವಿರುವ ಕಾಲದ ವಿಳಾಸವಿದೆ: ಶ್ವೇತವರಾಹ ಕಲ್ಪ, ಏಳನೆಯದಾದ ವೈವಸ್ವತ ಮನ್ವಂತರ, ಇಪ್ಪತ್ತೆಂಟನೆಯ ಮಹಾಯುಗದ ಕಲಿಯುಗ. ಸಂಧಿಕಾಲಗಳನ್ನೂ ಸೇರಿಸಿ ಲೆಕ್ಕ ಮಾಡಿದರೆ ಈ ಕಲ್ಪದಲ್ಲಿ ಕಳೆದಿರುವುದು 197 ಕೋಟಿ 29 ಲಕ್ಷ ವರ್ಷಗಳಿಗೆ ಸ್ವಲ್ಪ ಹೆಚ್ಚು. 432 ಕೋಟಿ ವರ್ಷ ಮುಗಿಯುವುದು ಇನ್ನೂ ಅರ್ಧಕ್ಕಿಂತ ಹೆಚ್ಚು ಕಾಲ ಕಳೆದ ಮೇಲೆ, ಹಗಲು ಮುಗಿದು ಪ್ರಳಯ ಬರುವಾಗ. ಆದುದರಿಂದ ಭೂಮಿಯ ವಯಸ್ಸಿಗೆ ಹೋಲಿಸಬೇಕಾದ ಅಂಕಿ 197. ಹೋಲಿಸುತ್ತಿರುವ ಅಂಕಿ 432. ಹುಂಡಿಯ ಮುದ್ದತು ತುಂಬುವ ಮೊದಲೇ ಪೂರ್ತಿ ಬಡ್ಡಿಯನ್ನು ಜಮಾ ತೋರಿಸಿದಂತೆ ಇದು. ಇನ್ನು ಬ್ರಹ್ಮನ ಪೂರ್ಣಾಯುಷ್ಯ 311 ಲಕ್ಷದ 4 ಸಾವಿರ ಕೋಟಿ ವರ್ಷ, ಅದರಲ್ಲಿ ಅರ್ಧ ಕಳೆದಿದೆ ಎಂಬುದು ಅದೇ ಸಂಕಲ್ಪದ ಮಾತು. ವಿಶ್ವದ ಈಗಿನ ವಿಸ್ತರಣೆಗೆ ವಿಜ್ಞಾನ ಕೊಡುವ ವಯಸ್ಸು 1,380 ಕೋಟಿ ವರ್ಷ. ಅದಕ್ಕಿಂತ ಇದು ಹನ್ನೊಂದು ಸಾವಿರ ಪಟ್ಟಿಗೂ ಹೆಚ್ಚು. ಇಷ್ಟು ದೊಡ್ಡ ವ್ಯತ್ಯಾಸವನ್ನು ಯಾವ ಸ್ಮರಣ ಸಂಚಿಕೆಯೂ ಎತ್ತಿ ತೋರಿಸುವುದಿಲ್ಲ.

ಈ ಅಂಕಿಗಳ ಮೂಲವೇನೆಂಬುದೂ ಮರೆಯಾಗಿಲ್ಲ. ಎಲ್ಲ ಗ್ರಹಗಳೂ ಒಂದೇ ಬಿಂದುವಿನಿಂದ ಹೊರಟು, ಪೂರ್ಣ ಸಂಖ್ಯೆಯ ಸುತ್ತುಗಳನ್ನು ಮುಗಿಸಿ, ಮತ್ತೆ ಒಂದೇ ಬಿಂದುವಿಗೆ ಬರುವ ಒಂದು ಮಹಾಕಾಲವು ಸಿದ್ಧಾಂತ ಜ್ಯೋತಿಷಿಗಳಿಗೆ ಗಣಿತಕ್ಕಾಗಿ ಬೇಕಾಗಿತ್ತು. ಅವರವರಲ್ಲಿಯೇ ಮತಭೇದವಿತ್ತು. ಆರ್ಯಭಟನು ನಾಲ್ಕು ಯುಗಗಳನ್ನೂ ಸಮನಾಗಿ ಎಣಿಸಿ, ಕಲ್ಪಕ್ಕೆ 1,008 ಮಹಾಯುಗಗಳನ್ನು ಕೊಟ್ಟನು. ಸ್ಮೃತಿಗಳಿಗೆ ಇದು ವಿರುದ್ಧವೆಂದು ಬ್ರಹ್ಮಗುಪ್ತನು ಆಕ್ಷೇಪಿಸಿದನು. 432 ಎಂಬ ಅಂಕಿ ನಮ್ಮೊಬ್ಬರದೇ ಎನ್ನುವಂತೆಯೂ ಇಲ್ಲ. ಜಲಪ್ರಳಯಕ್ಕೆ ಮೊದಲು ಆಳಿದ ಅರಸರ ಕಾಲ 4,32,000 ವರ್ಷವೆಂದು ಬ್ಯಾಬಿಲೋನಿನ ಬೆರೋಸಸ್ ಬರೆದಿದ್ದಾನೆ. ಅಷ್ಟು ದೀರ್ಘ ಕಾಲವನ್ನು ಭಯವಿಲ್ಲದೆ ಮನಸ್ಸಿನಲ್ಲಿ ತರಬಲ್ಲ ಧೈರ್ಯ ನಮ್ಮ ಪೂರ್ವಿಕರಲ್ಲಿತ್ತು ಎಂಬುದು ದೊಡ್ಡ ಮಾತು. ಹದಿನೇಳನೆಯ ಶತಮಾನದ ಯುರೋಪಿನಲ್ಲಿ ವಿದ್ವಾಂಸರು ಸೃಷ್ಟಿಯ ಆರಂಭವನ್ನು ಕ್ರಿಸ್ತಪೂರ್ವ 4004ಕ್ಕೆ ನಿಲ್ಲಿಸಿದ್ದರೆಂಬುದನ್ನು ನೆನೆದರೆ ಈ ಧೈರ್ಯದ ಬೆಲೆ ತಿಳಿಯುತ್ತದೆ. ಆದರೆ ಅದು ಕಲ್ಪನೆಯ ಧೈರ್ಯ, ಶಿಲೆಯನ್ನು ಅಳೆದು ಪಡೆದ ಫಲವಲ್ಲ.

ಸೇಗನ್ ಅವರೂ ಇದನ್ನು ಅರಿತಿದ್ದರು. ಹಿಂದೂ ಕಾಲಮಾನವು ಆಧುನಿಕ ವಿಶ್ವವಿಜ್ಞಾನದ ಕಾಲಮಾನಕ್ಕೆ ಹೊಂದುತ್ತದೆ ಎಂದ ಅದೇ ವಾಕ್ಯದಲ್ಲಿ, ಈ ಹೊಂದಾಣಿಕೆ ನಿಸ್ಸಂಶಯವಾಗಿ ಆಕಸ್ಮಿಕ ಎಂಬ ಅರ್ಥದ ಪದಗಳನ್ನು ಅವರು ಸೇರಿಸಿದ್ದಾರೆ. ನಮ್ಮ ಕಡೆ ಅಚ್ಚಾದ ಉದ್ಧರಣೆಗಳಲ್ಲಿ ಬಹಳಷ್ಟು ಸಲ ಬಿಟ್ಟುಹೋಗಿರುವುದು ಆ ಪದಗಳೇ. ಬ್ರಹ್ಮನ ಹಗಲಿರುಳುಗಳು, ಎಂದರೆ 864 ಕೋಟಿ ವರ್ಷ, ಮಹಾಸ್ಫೋಟದಿಂದ ಈವರೆಗಿನ ಕಾಲದ ಸುಮಾರು ಅರ್ಧ ಎಂದು ಅವರು ಅಂದು ಹೇಳಿದ್ದರು. ಈಗ ಲೆಕ್ಕ ತಿದ್ದುಪಡಿಯಾಗಿ ಅದು ಎಂಟರಲ್ಲಿ ಐದು ಪಾಲಾಗಿದೆ. ವಿಜ್ಞಾನದ ಅಂಕಿ ಚಲಿಸಿತು; ಪುರಾಣದ ಅಂಕಿ ಇದ್ದಲ್ಲಿಯೇ ಇದೆ. ಚಲಿಸುವ ಕಂಬಕ್ಕೆ ಕಟ್ಟಿದ ತೋರಣ ಎಷ್ಟು ದಿನ ನಿಂತೀತು?

ಋಗ್ವೇದದ ಹತ್ತನೆಯ ಮಂಡಲಕ್ಕೆ ಬಂದರೆ ವಿಷಯ ಹೆಚ್ಚು ಗಂಭೀರವಾಗುತ್ತದೆ. ಅಲ್ಲಿ ಸೃಷ್ಟಿಗೆ ಒಂದೇ ಉತ್ತರವಿಲ್ಲ. ಪುರುಷಸೂಕ್ತದಲ್ಲಿ ಮಹಾಪುರುಷನ ಯಜ್ಞದಿಂದ ಲೋಕ; ಹಿರಣ್ಯಗರ್ಭ ಸೂಕ್ತದಲ್ಲಿ ಚಿನ್ನದ ಗರ್ಭದಿಂದ ಲೋಕ; 129ನೆಯದಾದ ನಾಸದೀಯ ಸೂಕ್ತದಲ್ಲಿ ಪ್ರಶ್ನೆಯಿಂದ ಆರಂಭ, ಪ್ರಶ್ನೆಯಲ್ಲಿಯೇ ಮುಕ್ತಾಯ. ಇರವೂ ಇರಲಿಲ್ಲ, ಇಲ್ಲದಿರುವಿಕೆಯೂ ಇರಲಿಲ್ಲ ಎಂಬ ಅದರ ಆರಂಭವನ್ನು ಕ್ವಾಂಟಂ ಶೂನ್ಯಕ್ಕೂ, ತಪಸ್ಸಿನ ಬಲದಿಂದ ಆ ಒಂದು ಹುಟ್ಟಿತು ಎಂಬಲ್ಲಿನ ತಪಸ್ಸನ್ನು ಆದಿವಿಶ್ವದ ಅತಿಯಾದ ಶಾಖಕ್ಕೂ ಹೋಲಿಸುವುದುಂಟು. ಹಾಗೆ ಹೋಲಿಸುವವರು ಅದೇ ಸೂಕ್ತದ ಮುಂದಿನ ಮಾತನ್ನು ಮುಟ್ಟುವುದಿಲ್ಲ. ಮನಸ್ಸಿನ ಮೊದಲ ಬೀಜವಾಗಿ ಅಲ್ಲಿ ಕಾಮ ಬರುತ್ತದೆ. ಶಾಖಕ್ಕೆ ಭೌತವಿಜ್ಞಾನದಲ್ಲಿ ಸ್ಥಳವಿದೆ, ಇಚ್ಛೆಗೆ ಇಲ್ಲ. ಒಂದನ್ನು ಎತ್ತಿಕೊಂಡು ಇನ್ನೊಂದನ್ನು ಬಿಟ್ಟರೆ ಅದು ಋಷಿಯ ಸೂಕ್ತವಾಗಿ ಉಳಿಯುವುದಿಲ್ಲ, ಹೋಲಿಸುವವನ ಸೂಕ್ತವಾಗುತ್ತದೆ. ದೇವತೆಗಳೇ ಸೃಷ್ಟಿಯ ಈಚೆಗೆ ಬಂದವರು, ಹಾಗಿರುವಾಗ ಇದನ್ನು ಅರಿತವರು ಯಾರು, ಪರಮಾಕಾಶದಲ್ಲಿ ಕುಳಿತು ನೋಡುವವನಾದರೂ ಬಲ್ಲನೋ, ಅವನೂ ಅರಿಯನೋ ಎಂದು ಶಂಕಿಸಿ ಸೂಕ್ತ ನಿಲ್ಲುತ್ತದೆ. ಇಷ್ಟು ನಿರ್ಭಯವಾದ ಶಂಕೆಯನ್ನು ಒಂದು ಉತ್ತರವನ್ನಾಗಿ ಮಾಡಿ, ಅದರ ಮೇಲೆ ವಿಜ್ಞಾನದ ಮುದ್ರೆ ಒತ್ತುವುದು ಸೂಕ್ತಕ್ಕೆ ಮಾಡುವ ಉಪಕಾರವಲ್ಲ.

ಹಿರಣ್ಯಗರ್ಭವೇ ಮಹಾಸ್ಫೋಟದ ಮೂಲಬಿಂದು ಎನ್ನುವವರಿಗೆ ಸವಣೂರಿನ ಒಂದು ದೃಷ್ಟಾಂತ ಸಾಕು. ಅಲ್ಲಿಯ ದೊಡ್ಡ ಹುಣಸೆ ಮಠದ ಆವರಣದಲ್ಲಿ ಆನೆಯ ಮೈಯಂಥ ಕಾಂಡದ ಮೂರು ಮಹಾವೃಕ್ಷಗಳಿವೆ. ಹಣ್ಣಿನ ತಿರುಳು ಹುಳಿಯಾದುದರಿಂದ ಜನರು ಅದಕ್ಕೆ ದೊಡ್ಡ ಹುಣಸೆ ಎಂದು ಹೆಸರಿಟ್ಟರು. ಮರವು ಹುಣಸೆಯ ಜಾತಿಯೇ ಅಲ್ಲ, ಆಫ್ರಿಕ ಮೂಲದ ಬಾವೋಬಾಬ್, ಬೂರುಗದ ಬಂಧು. ರುಚಿಯೊಂದು ಹೋಲಿತೆಂದು ಕುಲವೂ ಒಂದೇ ಆಗಲಿಲ್ಲ. ಹಾಗೆಂದು ಸಸ್ಯಶಾಸ್ತ್ರಜ್ಞರು ಹೇಳಿದ ಮೇಲೆ ಮಠದ ಗೌರವ ಒಂದಿಷ್ಟೂ ಕಡಿಮೆಯಾಗಿಲ್ಲ ಎಂಬುದನ್ನೂ ಗಮನಿಸಬೇಕು. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಛತ್ತಿನ ಮಹಾಪದ್ಮವನ್ನು ತಲೆಯೆತ್ತಿ ನೋಡುವವನು ಅದರ ದಳಗಳನ್ನು ನಿಜವಾದ ತಾವರೆಯ ದಳಗಳಿಗೆ ಎಣಿಸಿ ಹೋಲಿಸಲು ಹೋಗುವುದಿಲ್ಲ. ಬ್ರಹ್ಮನ ಕಮಲವನ್ನೂ ಭೂಪದ್ಮವನ್ನೂ ಕಲ್ಲಿನಲ್ಲಿ ನೆನಪಿಗೆ ತಂದ ಶಿಲ್ಪಿಗೆ ಅಳತೆಯ ಪ್ರಮಾಣಪತ್ರ ಯಾರೂ ಕೇಳಿಲ್ಲ.

ಈಗ ಜಿನಸೇನರ ವಾದ. ಲೋಕಕ್ಕೆ ಕರ್ತೃವಿದ್ದರೆ ಸೃಷ್ಟಿಗೆ ಮೊದಲು ಅವನು ಎಲ್ಲಿದ್ದನು? ಸಾಮಗ್ರಿಯಿಲ್ಲದೆ ಹೇಗೆ ನಿರ್ಮಿಸಿದನು? ಸಾಮಗ್ರಿಯನ್ನು ಮೊದಲು ಮಾಡಿದನೆಂದರೆ ಆ ಸಾಮಗ್ರಿಗೆ ಸಾಮಗ್ರಿ ಯಾವುದು? ಅದು ತಾನಾಗಿ ಇತ್ತೆಂದರೆ ಲೋಕವೂ ತಾನಾಗಿ ಇರಬಾರದೇಕೆ? ಇಚ್ಛಾಮಾತ್ರದಿಂದ ಸೃಷ್ಟಿಸಿದನೆಂದರೆ ಕೃತಕೃತ್ಯನಾದವನಲ್ಲಿ ಇಚ್ಛೆ ಹೇಗೆ ಹುಟ್ಟಿತು? ಅಪೂರ್ಣನೆಂದರೆ ಕುಂಬಾರನಿಗಿಂತ ಅವನು ಯಾವುದರಲ್ಲಿ ಹೆಚ್ಚು? ಸೇಗನ್ ಅವರು ಆಯ್ದುಕೊಂಡದ್ದು ಇವುಗಳಲ್ಲಿ ಮೊದಲ ಕೆಲವನ್ನು ಮತ್ತು ಲೋಕವು ಕಾಲದಂತೆಯೇ ಅನಾದಿ, ಅನಂತ ಎಂಬ ನಿರ್ಣಯವನ್ನು. ಸಾಮಗ್ರಿ, ಕಾಲ, ಆರಂಭ ಎಂಬವು ಭೌತವಿಜ್ಞಾನಿಗೆ ಪ್ರಿಯವಾದ ಪ್ರಶ್ನೆಗಳು. ಅವನ ಆಯ್ಕೆಯಲ್ಲಿ ತಪ್ಪಿಲ್ಲ. ಆಶ್ಚರ್ಯವೆಂದರೆ, ಮೂಲವು ಕೈಯಲ್ಲಿಯೇ ಇರುವ ಜೈನರು ಕೂಡ ಆ ಆಯ್ಕೆಯನ್ನೇ ಪೂರ್ತಿ ವಾದವೆಂದು ಹಿಡಿದು ಮುದ್ರಿಸುತ್ತಿರುವುದು.

ಜಿನಸೇನರು ಅಲ್ಲಿ ನಿಲ್ಲುವುದಿಲ್ಲ. ಕ್ರೀಡೆಗಾಗಿ ಸೃಷ್ಟಿಸಿದನೆಂದರೆ ಅದು ತಿಳಿವಳಿಕೆಯಿಲ್ಲದ ಬಾಲಕನ ಆಟವಾಯಿತು, ಅದರಿಂದ ಕೆಡುಕು ಮಾತ್ರ. ಜೀವಿಗಳ ಕರ್ಮಕ್ಕನುಸಾರವಾಗಿ ಸೃಷ್ಟಿಸಿದನೆಂದರೆ ಅವನು ಕರ್ಮಕ್ಕೆ ಪರತಂತ್ರನಾದನು, ಈಶ್ವರನೆಂಬ ಹೆಸರು ಅವನಿಗೆ ಸಲ್ಲದು. ಕರುಣೆಯಿಂದ ಸೃಷ್ಟಿಸಿದನೆಂದರೆ ಲೋಕವನ್ನು ಪೂರ್ತಿ ಸುಖಮಯವಾಗಿ, ಉಪದ್ರವವಿಲ್ಲದೆ ಏಕೆ ಮಾಡಲಿಲ್ಲ? ಇಡೀ ಪ್ರಕರಣದ ಜೀವವಿರುವುದು ಈ ಕೊನೆಯ ಪ್ರಶ್ನೆಯಲ್ಲಿ. ಹಸಿದ ಮಗುವಿನ ಮುಂದೆ, ಬರಗಾಲದಲ್ಲಿ ಸತ್ತ ಎತ್ತಿನ ಮುಂದೆ, ಅಕಾಲದಲ್ಲಿ ವಿಧವೆಯಾದವಳ ಮುಂದೆ ಈ ಪ್ರಶ್ನೆ ಏಳುತ್ತದೆ. ದೂರದರ್ಶಕ ಎಷ್ಟು ದೊಡ್ಡದಾದರೂ ಇದಕ್ಕೆ ಉತ್ತರ ಕಾಣುವುದಿಲ್ಲ, ಏಕೆಂದರೆ ಇದು ನಕ್ಷತ್ರಗಳ ಪ್ರಶ್ನೆಯೇ ಅಲ್ಲ. ನೀತಿಯ ಭಾಗವನ್ನು ಬಿಟ್ಟು ಭೌತದ ಭಾಗವನ್ನು ಇಟ್ಟುಕೊಂಡದ್ದರಿಂದ ಜಿನಸೇನರು ಒಬ್ಬ ಪ್ರಾಚೀನ ಖಗೋಳಜ್ಞರಂತೆ ಕಾಣತೊಡಗಿದ್ದಾರೆ. ಅವರು ಆಚಾರ್ಯರು, ದುಃಖದ ಹೊಣೆ ಯಾರದೆಂಬುದು ಅವರ ಚಿಂತೆ. ಹೊಣೆ ಜೀವನದೇ ಎಂಬ ಉತ್ತರಕ್ಕೆ ದಾರಿ ತೆರವು ಮಾಡುವುದಕ್ಕಾಗಿ ಅವರು ಕರ್ತೃವನ್ನು ಪಕ್ಕಕ್ಕೆ ಸರಿಸುತ್ತಾರೆ.

ಇಲ್ಲಿ ಇನ್ನೊಂದು ಸಂಗತಿಯನ್ನು ಹೇಳದೆ ಬಿಟ್ಟರೆ ಲೆಕ್ಕ ಸರಿಹೊಂದದು. ಜಿನಸೇನರಿಗಿಂತ ಮೊದಲೇ, ಏಳನೆಯ ಶತಮಾನದ ಸುಮಾರಿನಲ್ಲಿ, ವೇದಪ್ರಾಮಾಣ್ಯದ ಪ್ರಚಂಡ ಸಮರ್ಥಕನಾದ ಮೀಮಾಂಸಕ ಕುಮಾರಿಲಭಟ್ಟನು ತನ್ನ ಶ್ಲೋಕವಾರ್ತಿಕದಲ್ಲಿ ಇಂಥವೇ ಪ್ರಶ್ನೆಗಳನ್ನು ಎತ್ತಿದ್ದಾನೆ. ಸೃಷ್ಟಿಗೆ ಮೊದಲು ಪ್ರಜಾಪತಿ ಎಲ್ಲಿದ್ದನು, ದುಃಖಭರಿತ ಲೋಕವನ್ನು ಏಕೆ ಬಯಸಿದನು, ಕರುಣೆಗೆ ಪಾತ್ರರಾಗಲು ಆಗ ಜೀವಿಗಳೇ ಎಲ್ಲಿದ್ದರು, ಕ್ರೀಡೆಯೆಂದರೆ ಕೃತಾರ್ಥತೆ ಎಲ್ಲಿ ಉಳಿಯಿತು ಎಂದು ಅವನು ಕೇಳುತ್ತಾನೆ. ಇಡೀ ಲೋಕದ ಸೃಷ್ಟಿಯನ್ನೂ ಪ್ರಳಯವನ್ನೂ ಅವನು ಒಪ್ಪುವುದಿಲ್ಲ. ಪ್ರಾಚೀನ ಸಾಂಖ್ಯರೂ ಕರ್ತೃವಿಲ್ಲದೆಯೇ ಪ್ರಕೃತಿಯಿಂದ ಲೋಕವನ್ನು ವಿವರಿಸಿದರು. ಹಿಂದೂಗಳು ಸೃಷ್ಟಿವಾದಿಗಳು, ಜೈನರು ಅನಾದಿವಾದಿಗಳು ಎಂಬ ಸುಲಭವಾದ ವಿಂಗಡಣೆ ಇದರಿಂದ ಬಿದ್ದುಹೋಗುತ್ತದೆ. ವಾದದ ಗಡಿಯು ಎರಡು ಧರ್ಮಗಳ ನಡುವೆ ಎಳೆದದ್ದಲ್ಲ, ಒಂದೊಂದರ ಒಳಗೂ ಹಾದುಹೋಗಿತ್ತು. ಜಿನಸೇನರ ಹಿರಿಮೆ ಆ ಪ್ರಶ್ನೆಗಳನ್ನು ಮೊದಲು ಕೇಳಿದುದರಲ್ಲಿಲ್ಲ. ಕಾವ್ಯದ ನಡುವೆ, ಗೃಹಸ್ಥನಿಗೂ ತಿಳಿಯುವಂತೆ, ಒಂದಾದ ಮೇಲೊಂದಾಗಿ ಇಟ್ಟುದರಲ್ಲಿದೆ.

ನಮ್ಮ ಮನೆಯ ಬಾಕಿಯನ್ನೂ ತೆಗೆದು ನೋಡಬೇಕು. ಕರ್ತೃಖಂಡನೆ ಬರುವ ಅದೇ ಪರಂಪರೆಯ ಶಾಸ್ತ್ರಗಳಲ್ಲಿ ಲಕ್ಷ ಯೋಜನದ ಜಂಬೂದ್ವೀಪವಿದೆ, ನಡುವೆ ಮೇರುವಿದೆ, ಜಂಬೂದ್ವೀಪಕ್ಕೆ ಎರಡು ಸೂರ್ಯರೂ ಎರಡು ಚಂದ್ರರೂ ಇದ್ದಾರೆ. ಇದನ್ನು ಅಲ್ಲಗಳೆದವರು ಪಾಶ್ಚಾತ್ಯರೇ ಮೊದಲಲ್ಲ. ವರಾಹಮಿಹಿರ, 628ರ ಬ್ರಾಹ್ಮಸ್ಫುಟಸಿದ್ಧಾಂತದಲ್ಲಿ ಬ್ರಹ್ಮಗುಪ್ತ, 1150ರ ಸಿದ್ಧಾಂತಶಿರೋಮಣಿಯಲ್ಲಿ ಭಾಸ್ಕರಾಚಾರ್ಯ ಇವರೆಲ್ಲ ಈ ಎರಡು ಸೂರ್ಯರ ಮತವನ್ನು ಹೆಸರಿಸಿ ಖಂಡಿಸಿದರು. ಧ್ರುವದ ಸುತ್ತಲಿನ ನಕ್ಷತ್ರಗಳು ಒಂದೇ ಅಹೋರಾತ್ರಿಯಲ್ಲಿ ಸುತ್ತು ಮುಗಿಸುವುದು ಕಣ್ಣಿಗೇ ಕಾಣುವಾಗ ಎರಡನೆಯ ಸೂರ್ಯನು ಯಾವ ಕೆಲಸಕ್ಕೆ ಎಂಬುದು ಅವರ ವಾದದ ತಿರುಳು. ಆ ವಾದದಲ್ಲಿ ಗೆದ್ದವರು ಅವರೇ. ಇದನ್ನು ಒಪ್ಪಲು ಸಂಕೋಚಪಡಬೇಕಾಗಿಲ್ಲ. ಜಿನಸೇನರ ಆಶ್ರಯದಾತ ಅಮೋಘವರ್ಷನನ್ನೇ ಸ್ತುತಿಸಿ ಗಣಿತಸಾರಸಂಗ್ರಹವನ್ನು ಬರೆದ ಮಹಾವೀರಾಚಾರ್ಯರು ಜೈನರೇ. ಲೆಕ್ಕ ಸರಿಯಾಗಿದ್ದಲ್ಲಿ ಅದು ಯಾರ ಲೆಕ್ಕವೆಂಬುದು ಗಣಿತಕ್ಕೆ ಬೇಕಿಲ್ಲ. 1985ರಲ್ಲಿ ಹಸ್ತಿನಾಪುರದಲ್ಲಿ ಪೂರ್ಣಗೊಂಡ ಜಂಬೂದ್ವೀಪದ ರಚನೆಯನ್ನು ಭಕ್ತಿಯಿಂದ ಪ್ರದಕ್ಷಿಣೆ ಮಾಡುವವರು ಅದನ್ನು ಭೂಗೋಳದ ನಕಾಶೆಯೆಂದು ಮಕ್ಕಳಿಗೆ ಹೇಳಿಕೊಡದಿದ್ದರೆ ಯಾವ ನಷ್ಟವೂ ಇಲ್ಲ.

ಹೋಲಿಕೆಯ ಅಪಾಯಕ್ಕೆ ನಮ್ಮಲ್ಲಿಯೇ ಒಂದು ದೊಡ್ಡ ಉದಾಹರಣೆಯಿದೆ. ಪ್ರೊ. ಜಿ. ಆರ್. ಜೈನ್ ಅವರು 1942ರಲ್ಲಿ ತತ್ತ್ವಾರ್ಥಸೂತ್ರದ ಐದನೆಯ ಅಧ್ಯಾಯವನ್ನು ಆಧುನಿಕ ವಿಜ್ಞಾನದೊಂದಿಗೆ ಇಟ್ಟು ನೋಡಿದ ಒಂದು ಇಂಗ್ಲಿಷ್ ಗ್ರಂಥವನ್ನು ಪ್ರಕಟಿಸಿದರು. ಶ್ರಮದ ಕೃತಿ, ಭೌತವಿಜ್ಞಾನವನ್ನು ಬಲ್ಲವರು ಬರೆದದ್ದು. ಅದರಲ್ಲಿ ಚಲನೆಗೆ ಉದಾಸೀನ ಸಹಾಯಕವಾದ ಧರ್ಮದ್ರವ್ಯವನ್ನು ಈಥರಿಗೆ ಹೋಲಿಸಲಾಗಿದೆ. ಆದರೆ ಬೆಳಕನ್ನು ಹೊರುವ ಈಥರನ್ನು 1887ರ ಮೈಕೆಲ್‌ಸನ್–ಮಾರ್ಲಿ ಪ್ರಯೋಗ ಹುಡುಕಿ ಕಾಣಲಿಲ್ಲ, 1905ರಲ್ಲಿ ಐನ್‌ಸ್ಟೈನ್ ಅದನ್ನು ಅನಗತ್ಯವೆಂದರು. ಅಭೌತಿಕ ಈಥರ್ ಎಂದು ಎಷ್ಟು ಸೂಕ್ಷ್ಮವಾಗಿ ಹೇಳಿದರೂ, ಕೈಬಿಟ್ಟ ಅಂಗಡಿಯ ಹೆಸರಿನ ಮೇಲೆ ಹೊಸ ಖಾತೆ ತೆರೆದಂತಾಯಿತು. ಈಗಲೂ ಆ ಹೋಲಿಕೆಯನ್ನು ಪ್ರವಚನಗಳಲ್ಲಿ ಹಾಗೆಯೇ ಒಪ್ಪಿಸಲಾಗುತ್ತಿದೆ.

ವಿಶ್ವವಿಜ್ಞಾನದ ಕಳೆದ ನೂರು ವರ್ಷಗಳ ಚರಿತ್ರೆಯೂ ಇದೇ ಪಾಠವನ್ನು ಇನ್ನೊಂದು ಭಾಷೆಯಲ್ಲಿ ಹೇಳುತ್ತದೆ. ಗೆಲಾಕ್ಸಿಗಳು ದೂರವಾದಷ್ಟೂ ವೇಗವಾಗಿ ಸರಿಯುತ್ತಿವೆ ಎಂದು 1929ರಲ್ಲಿ ಹಬಲ್ ತೋರಿಸಿದನು. ಅದಕ್ಕೆ ಎರಡು ವರ್ಷ ಮೊದಲೇ ವಿಸ್ತರಿಸುವ ವಿಶ್ವದ ಗಣಿತವನ್ನು ಬರೆದಿದ್ದ ಬೆಲ್ಜಿಯಂನ ಲಮೇತ್ರ್, 1931ರಲ್ಲಿ ಎಲ್ಲವೂ ಒಂದು ಆದಿಮ ಪರಮಾಣುವಿನಿಂದ ಬಂದಿತೆಂಬ ಊಹೆಯನ್ನು ಮಂಡಿಸಿದನು. ಅವನು ಕ್ಯಾಥೊಲಿಕ್ ಪಾದ್ರಿ. 1951ರ ನವೆಂಬರಿನಲ್ಲಿ ಪೋಪ್ ಹನ್ನೆರಡನೆಯ ಪಯಸ್ ಅವರು ಈ ಸಿದ್ಧಾಂತದಲ್ಲಿ ಸೃಷ್ಟಿಕರ್ತನಿಗೆ ಸಾಕ್ಷ್ಯವಿದೆಯೆಂದು ಭಾಷಣ ಮಾಡಿದಾಗ, ಹರ್ಷಪಡಬೇಕಾಗಿದ್ದ ಲಮೇತ್ರ್‌ಗೇ ಅದು ಹಿತವಾಗಲಿಲ್ಲ. ತನ್ನ ಸಿದ್ಧಾಂತ ಧರ್ಮಪ್ರಶ್ನೆಗಳ ಹೊರಗೆ ನಿಲ್ಲುತ್ತದೆ, ಅದು ಆಸ್ತಿಕನಿಗೂ ನಾಸ್ತಿಕನಿಗೂ ಸಮಾನ ಎಂಬುದು ಅವನ ನಿಲುವು. ಈ ಸಂಯಮ ನಮ್ಮ ಎರಡೂ ಕಡೆಯವರಿಗೆ ಮಾದರಿಯಾಗಬೇಕಿತ್ತು.

ಮತ್ತೊಂದು ಕಡೆ, ಆದಿಯೂ ಅಂತ್ಯವೂ ಇಲ್ಲದ ಸ್ಥಿರಸ್ಥಿತಿಯ ವಿಶ್ವವನ್ನು 1948ರಲ್ಲಿ ಹಾಯ್ಲ್, ಬಾಂಡಿ, ಗೋಲ್ಡ್ ಎಂಬ ಮೂವರು ಪ್ರತಿಪಾದಿಸಿದರು. ಜಿನಸೇನರ ಅನಾದಿ ಲೋಕಕ್ಕೆ ಇದಕ್ಕಿಂತ ಅಂದವಾದ ಪ್ರಮಾಣಪತ್ರ ದೊರೆಯಲಾರದು. ಆದರೆ 1965ರಲ್ಲಿ ಪೆಂಜಿಯಸ್ ಮತ್ತು ವಿಲ್ಸನ್ ಆಕಾಶದ ಎಲ್ಲ ದಿಕ್ಕುಗಳಿಂದಲೂ ಬರುವ ಸೂಕ್ಷ್ಮತರಂಗಗಳ ಹಿನ್ನೆಲೆಯನ್ನು ಕಂಡರು. ವಿಶ್ವವು ಒಮ್ಮೆ ಅತಿ ಸಾಂದ್ರವೂ ಅತಿ ಶಾಖದ್ದೂ ಆಗಿತ್ತೆಂಬುದಕ್ಕೆ ಅದು ಬಲವಾದ ಸಾಕ್ಷಿ. ಪ್ರಮಾಣಪತ್ರವನ್ನು ಗೋಡೆಗೆ ತೂಗುಹಾಕಿದವರು ಆ ವರ್ಷ ಏನು ಮಾಡಬೇಕಿತ್ತು? ಪತ್ರ ರದ್ದಾಯಿತೆಂದು ಸಿದ್ಧಾಂತವೂ ರದ್ದಾಯಿತೆಂದು ಒಪ್ಪಬೇಕಿತ್ತೆ? ಕೊಲ್ಹಾಪುರದಲ್ಲಿ 1938ರಲ್ಲಿ ಹುಟ್ಟಿ 2025ರಲ್ಲಿ ಪುಣೆಯಲ್ಲಿ ನಿಧನರಾದ ಜಯಂತ ನಾರ್ಳೀಕರ್ ಅವರು ಹಾಯ್ಲ್ ಮತ್ತು ಬರ್ಬಿಜ್ ಅವರೊಡನೆ 1993ರಲ್ಲಿ ಅರೆಸ್ಥಿರ ಸ್ಥಿತಿಯ ಇನ್ನೊಂದು ಅನಾದಿ ಮಾದರಿಯನ್ನು ಮಂಡಿಸಿದರು. ಬಹುಪಾಲು ವಿಜ್ಞಾನಿಗಳು ಅದನ್ನು ಒಪ್ಪಲಿಲ್ಲ. ಅವರು ಅದಕ್ಕೆ ಯಾವ ಶಾಸ್ತ್ರದ ಬೆಂಬಲವನ್ನೂ ಕೇಳಲಿಲ್ಲ; ಪ್ರಾಚೀನ ಗ್ರಂಥಗಳಲ್ಲಿ ಆಧುನಿಕ ವಿಜ್ಞಾನವನ್ನು ಹುಡುಕುವ ಅಭ್ಯಾಸವನ್ನು 2003ರ ತಮ್ಮ ಪುಸ್ತಕವೊಂದರಲ್ಲಿ ವಿಮರ್ಶೆಗೆ ಒಳಪಡಿಸಿದರು. ವಿಸ್ತರಣೆಯ ವೇಗ ಹೆಚ್ಚುತ್ತಿದೆಯೆಂದು 1998ರಲ್ಲಿ ತಿಳಿಯಿತು. ಅದಕ್ಕೆ ಕಾರಣವೆನ್ನಲಾದ ಅವ್ಯಕ್ತ ಶಕ್ತಿಯೇ ಕಾಲಕ್ರಮದಲ್ಲಿ ಬದಲಾಗುತ್ತಿರಬಹುದೆಂಬ ಸೂಚನೆಗಳು 2024 ಮತ್ತು 2025ರ ಮಾಪನಗಳಲ್ಲಿ ಬಂದಿವೆ. ಇನ್ನು ಮಹಾಸ್ಫೋಟಕ್ಕೆ ಮೊದಲು ಏನಿತ್ತು, ‘ಮೊದಲು’ ಎಂಬ ಪದಕ್ಕೆ ಅಲ್ಲಿ ಅರ್ಥವಿದೆಯೇ ಎಂಬುದು ಇನ್ನೂ ನಿರ್ಣಯವಾಗದ ವಿಷಯ. 1,380 ಕೋಟಿ ವರ್ಷ ಎಂಬುದು ಈಗಿನ ವಿಸ್ತರಣೆಯ ವಯಸ್ಸು. ಶೂನ್ಯದಿಂದ ಸೃಷ್ಟಿಯಾಯಿತೆಂದು ಆ ಅಂಕಿ ಹೇಳುವುದಿಲ್ಲ, ಅನಾದಿಯೆಂದೂ ಹೇಳುವುದಿಲ್ಲ.

ಜಿನಸೇನರ ಒಂದು ಪದವನ್ನು ಕುರಿತು ಆಕ್ಷೇಪವನ್ನು ಹೇಳಲೇಬೇಕು. ಕರ್ತೃವನ್ನು ನಂಬುವವರನ್ನು ಅವರು ಆರಂಭದಲ್ಲಿಯೇ ಜಡರು ಎನ್ನುತ್ತಾರೆ. ವಾದ ಇಷ್ಟು ಬಲವಾಗಿರುವಾಗ ಆ ಪದ ಬೇಕಾಗಿರಲಿಲ್ಲ. ಕಾಲದ ವಾದಪದ್ಧತಿಯೇ ಹಾಗಿತ್ತು, ಎಲ್ಲರೂ ಎಲ್ಲರನ್ನೂ ಹಾಗೆಯೇ ಕರೆಯುತ್ತಿದ್ದರು ಎಂದು ಸಮಾಧಾನ ಹೇಳಬಹುದು. ಆದರೆ ಆ ಪದ್ಧತಿ ಮುಂದೆ ಎಲ್ಲಿಗೆ ಹೋಗಿ ಮುಟ್ಟಿತೆಂಬುದಕ್ಕೆ ಹಿರೇಕೆರೂರು ತಾಲೂಕಿನ ಅಬಲೂರು ಸಾಕ್ಷಿ. ಅಲ್ಲಿಯ ಸೋಮೇಶ್ವರ ದೇವಾಲಯದ, ಸುಮಾರು 1200ರ ಶಾಸನ, ಏಕಾಂತದ ರಾಮಯ್ಯನು ಜೈನರೊಡನೆ ಪಣ ತೊಟ್ಟು ತಲೆಯನ್ನು ಅರಿದು, ಏಳು ದಿನಗಳ ಮೇಲೆ ಮರಳಿ ಪಡೆದು, ಜಿನಬಿಂಬವನ್ನು ಒಡೆದನೆಂದೂ, ಬಿಜ್ಜಳನು ಅವನಿಗೆ ಜಯಪತ್ರವನ್ನು ಕೊಟ್ಟನೆಂದೂ ಹೇಳುತ್ತದೆ. ಗೆದ್ದ ಪಕ್ಷದವರು ಬರೆಸಿದ ಶಾಸನವದು. ಸೋತವರ ಮಾತು ಅದರಲ್ಲಿಲ್ಲ. ಹಳೆಯ ಗಾಯವನ್ನು ಕೆದಕುವುದು ಇಲ್ಲಿ ಉದ್ದೇಶವಲ್ಲ. ಗಮನಿಸಬೇಕಾದುದು ಜಯಪತ್ರವೆಂಬ ಪದ. ಬಂಕಾಪುರದಲ್ಲಿ ಪೂಜೆಗೊಂಡ ಗ್ರಂಥದಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆಯಿತ್ತು. ಅಬಲೂರಿನಲ್ಲಿ ಪ್ರಶ್ನೆ ಇಲ್ಲ, ಪವಾಡವಿದೆ, ಅರಸನ ಮುದ್ರೆಯಿದೆ. ಅರಸರು ಹೋದ ಮೇಲೆ ಆ ಮುದ್ರೆಯನ್ನು ಈಗ ಎಲ್ಲರೂ ವಿಜ್ಞಾನಿಯಿಂದ ಬೇಡುತ್ತಿದ್ದಾರೆ. 2004ರಲ್ಲಿ ಭಾರತ ಸರ್ಕಾರವು ಜಿನೀವಾದ ಸೆರ್ನ್ ಪ್ರಯೋಗಾಲಯಕ್ಕೆ ಕೊಟ್ಟ ನಟರಾಜ ಮೂರ್ತಿ ಸುಂದರವಾದ ಕಾಣಿಕೆ. ಅದು ಅಲ್ಲಿ ನಿಂತಿರುವುದರಿಂದಲೇ ತಾಂಡವವು ಕಣಭೌತವಿಜ್ಞಾನವಾಯಿತೆಂದು ಬರೆಯುವವರಿಗೆ ಬೇಕಾದುದು ಜಯಪತ್ರ ಮಾತ್ರ.

ಗೃಹಸ್ಥನ ಸತ್ಯಾಣುವ್ರತಕ್ಕೆ ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಐದು ಅತಿಚಾರಗಳನ್ನು ಹೇಳುತ್ತದೆ. ಅವುಗಳಲ್ಲಿ ಮೊದಲನೆಯದು ಮಿಥ್ಯೋಪದೇಶ, ಮೂರನೆಯದು ಕೂಟಲೇಖಕ್ರಿಯೆ. ಕೂಟಲೇಖವೆಂದರೆ ಸುಳ್ಳು ದಸ್ತಾವೇಜು, ಸುಳ್ಳು ಖಾತೆ ಎಂದು ವ್ಯಾಪಾರದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪರರು ಹೇಳಿದ ವಾಕ್ಯದಲ್ಲಿ ‘ಆಕಸ್ಮಿಕ’ ಎಂಬ ಪದವನ್ನು ತೆಗೆದು ಉಳಿದುದನ್ನು ಅಚ್ಚು ಹಾಕುವುದು, ಕಳೆದ 197 ಕೋಟಿಯ ಸ್ಥಳದಲ್ಲಿ 432 ಕೋಟಿಯನ್ನು ಬರೆಯುವುದು, ಆಚಾರ್ಯರ ಹತ್ತು ಪ್ರಶ್ನೆಗಳಲ್ಲಿ ಮೂರನ್ನು ಕೊಟ್ಟು ಪೂರ್ತಿ ವಾದವೆನ್ನುವುದು ಆ ಹೆಸರಿಗೆ ಎಷ್ಟು ದೂರ? ಧರ್ಮಪ್ರಭಾವನೆಗಾಗಿ ಮಾಡಿದ್ದೆಂಬ ಸಮಜಾಯಿಷಿಗೆ ಸೂತ್ರದಲ್ಲಿ ಅವಕಾಶ ಕಾಣುವುದಿಲ್ಲ. ಇದರ ಫಲವನ್ನು ಉಣ್ಣುವವರು ಹಿರಿಯರಲ್ಲ, ಮಕ್ಕಳು. ವಿಜ್ಞಾನದ ಕಾಲೇಜಿಗೆ ಹೋಗುವ ಮಗನೋ ಮಗಳೋ ಬಸದಿಯ ಫಲಕದ ಅಂಕಿ ತಪ್ಪೆಂದು ಒಂದು ಸಂಜೆಯಲ್ಲಿ ಕಂಡುಕೊಳ್ಳಬಲ್ಲರು. ಫಲಕದ ಒಂದು ಸಾಲು ಸುಳ್ಳಾದರೆ ಅದರ ಪಕ್ಕದಲ್ಲಿ ಬರೆದಿರುವ ಅಹಿಂಸೆಯ ಸಾಲೂ ಅವರ ಕಣ್ಣಿನಲ್ಲಿ ಹಗುರವಾಗುತ್ತದೆ. ಹಾಗಾಗದಂತೆ ನೋಡುವುದು ಫಲಕಕ್ಕೆ ಹಣ ಕೊಟ್ಟ ಟ್ರಸ್ಟಿನ ಹೊಣೆ.

ಆದಿಪುರಾಣದ ಮೂಲವು ಹಿಂದಿ ಅನುವಾದದೊಂದಿಗೆ ಪಂ. ಪನ್ನಾಲಾಲ ಜೈನ್ ಅವರ ಸಂಪಾದನೆಯಲ್ಲಿ 1951ರಲ್ಲಿಯೇ ಭಾರತೀಯ ಜ್ಞಾನಪೀಠದಿಂದ ಪ್ರಕಟವಾಗಿದೆ. ನಾಲ್ಕನೆಯ ಪರ್ವದ ಈ ಭಾಗ ಕೆಲವೇ ಪದ್ಯಗಳು. ದಶಲಕ್ಷಣ ಪರ್ವದಲ್ಲಿ ಉತ್ತಮ ಸತ್ಯದ ದಿನ ಈ ಪದ್ಯಗಳನ್ನು ಬಿಡದೆ ಓದಿ ಕನ್ನಡದಲ್ಲಿ ಅರ್ಥ ಹೇಳಲು ಒಂದು ಗಂಟೆ ಸಾಲದೇ ಹೋಗದು. ಅದಾದ ಮೇಲೆ ನಾಸದೀಯದ ಏಳು ಮಂತ್ರಗಳ ಅರ್ಥವನ್ನೂ ಓದಬಹುದು. ಪಕ್ಕದ ಊರಿನ ವೈದಿಕರೊಬ್ಬರನ್ನು ಅದಕ್ಕೆ ಕರೆದರೆ, ಕುಮಾರಿಲನ ಪ್ರಶ್ನೆಗಳು ಅವರಿಗೂ ಹೊಸದಾಗಿರಬಹುದು.